ಮಳೆ ಬಂದ ಮರುದಿನ ಸ್ಪ್ರಿಂಕ್ಲರ್

ಕೊಟ್ಟಿಗೆಹಾರ
14-3-2006

ಸಿಟ್ಟು ಮಾಡಿಕೊಂಡು ಕಳಸಕ್ಕೆ ಹೋಗಿ ಕೂತಿರುವ ನಮ್ಮ ಯಜಮಾನರಿಗೆ ಗಿರಿಜಾಂಬಾಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವು ಹೊತ್ತುಹೊತ್ತಿಗೆ ಚೆನ್ನಾಗಿ ಉಂಡುಕೊಂಡು ಇದ್ದೀರೆಂದು ನಿಮ್ಮ ತಮ್ಮ ಶಾಂತವೀರಪ್ಪ ಫೋನಿನಲ್ಲಿ ಹೇಳಿದ. ನೀವು ಮಾತ್ರ ಫೋನಿಗೆ ಬರಲಿಲ್ಲ. ಅದಕ್ಕೇ ಈ ಕಾಗದ. ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಪೂರ್ತಿ ಓದಿ.

ಹೂವಾಗಿದೆ ರೀ! ಕೆಳಗಿನ ಎರಡು ಎಕರೆ ಕಾಫಿ ಮೊನ್ನೆ ಭಾನುವಾರ ಬೆಳಿಗ್ಗೆ ಒಟ್ಟಿಗೇ ಅರಳಿತು. ಎಲೆ ಕಾಣುವುದಿಲ್ಲ, ಅಷ್ಟು ಬಿಳಿ. ಮಲ್ಲಿಗೆಯಂಥ ಆ ವಾಸನೆ ಅಡುಗೆಮನೆಯವರೆಗೂ ಬಂದಿತ್ತು. ಒಲೆಯ ಮೇಲಿಟ್ಟ ಹಾಲನ್ನು ಮರೆತು ಗಿಡಗಳ ಸಾಲಿನಲ್ಲಿ ಓಡಾಡಿದೆ. ಐವತ್ತೊಂದು ವರ್ಷದ ಹೆಂಗಸು ಕುಣಿಯಬಾರದು, ಆದರೂ ಕುಣಿದೆ. ಹಾಲು ಉಕ್ಕಿಹೋಯಿತು.

ಈಗ ಜಗಳದ ವಿಷಯ. ಎರಡನೇ ತಾರೀಕು ಸಂಜೆ ಮಳೆ ಬಂದಾಗ ನೀವು ತಗಡಿನ ಮೇಲಿನ ಸದ್ದು ಕೇಳಿಯೇ, ಹೂಮಳೆ ಆಯಿತು, ಒಂದು ಇಂಚಿಗೆ ಮೋಸವಿಲ್ಲ ಎಂದಿರಿ. ಮೂವತ್ತು ವರ್ಷದಿಂದ ನಿಮ್ಮ ಕಿವಿಯೇ ನಮ್ಮ ತೋಟದ ಅಳತೆ. ಆದರೆ ಮೂಡಿಗೆರೆಯ ತರಬೇತಿಯಲ್ಲಿ ನನಗೆ ಕೊಟ್ಟಿದ್ದ ಮಳೆ ಅಳೆಯುವ ಡಬ್ಬಿಯಲ್ಲಿ ಇದ್ದದ್ದು ಹದಿನೆಂಟು ಸೆಂಟ್. ಇಂಚಿನ ಐದರಲ್ಲೊಂದು ಪಾಲೂ ಅಲ್ಲ. ಅಷ್ಟು ನೀರಿಗೆ ಮೊಗ್ಗು ಎಚ್ಚರಾಗುತ್ತದೆ, ಅರಳುವುದಿಲ್ಲ. ಎರಡು ದಿನದಲ್ಲಿ ಸ್ಪ್ರಿಂಕ್ಲರ್‌ನಿಂದ ನೀರು ಹೊಡೆಯದಿದ್ದರೆ ಅಲ್ಲೇ ಕರಟುತ್ತದೆ.

ಆ ತರಬೇತಿ ಬಿಸಿಲು ಮಳೆ ಬದಲಾಗುತ್ತಿರುವಾಗ ತೋಟ ಉಳಿಸಿಕೊಳ್ಳುವುದು ಹೇಗೆಂದು ಹೇಳಿಕೊಡಲಿಕ್ಕೆ. ಹೂಮಳೆ ಯಾವಾಗ ಬರುತ್ತದೆಂದು ಅಲ್ಲಿ ಕೇಳಿದರೆ, ಯುಗಾದಿಗೆ ಮುಂಚೆ ಎಂದು ಗಂಡಸರೆಲ್ಲ ಒಂದೇ ಬಾಯಲ್ಲಿ ಹೇಳಿದರು. ನಾನು ಕ್ಯಾಲೆಂಡರಿನಲ್ಲಿ ಪ್ರತಿ ಮಳೆಗೂ ಗುರುತು ಹಾಕುತ್ತೇನಲ್ಲ, ಆ ಹತ್ತು ವರ್ಷದ ಕ್ಯಾಲೆಂಡರುಗಳನ್ನು ತೋರಿಸಿದೆ. ಹತ್ತರಲ್ಲಿ ಆರು ವರ್ಷ ಹಾಗೆ ಬಂದೇ ಇಲ್ಲ. ಎಲ್ಲರೂ ಎದ್ದು ಬಂದು ಹಾಳೆ ತಿರುವಿ ನೋಡಿದರು.

ನಿಮ್ಮ ಹೆದರಿಕೆಯೂ ಸುಳ್ಳಲ್ಲ. ಕೆರೆಯಲ್ಲಿದ್ದದ್ದು ಎರಡು ಎಕರೆಗಾಗುವಷ್ಟೇ ನೀರು. ಹೊಡೆದೂ ಹೂವಾಗದಿದ್ದರೆ ಫಸಲೂ ಇಲ್ಲ, ಏಪ್ರಿಲ್‌ನಲ್ಲಿ ನರ್ಸರಿ ಸಸಿಗಳಿಗೆ ನೀರೂ ಇಲ್ಲ. ಅದು ಗೊತ್ತಿದ್ದೇ ಪಂಪ್ ಹಾಕಿದೆ. ಪಕ್ಕದ ತೋಟದ ತಮ್ಮಯ್ಯನವರು ನಿಮ್ಮ ಹೆಸರೆತ್ತಿ, "ಓಂಕಾರಪ್ಪನವರ ಹೆಂಡತಿ ಮಳೆ ಬಂದ ಮರುದಿನ ತೋಟಕ್ಕೆ ಸ್ನಾನ ಮಾಡಿಸ್ತಿದ್ದಾರೆ" ಎಂದು ಹೋಟೆಲಿನಲ್ಲೆಲ್ಲ ಹೇಳಿ ನಗಿಸಿದರಂತೆ. ನೀವು ಅಲ್ಲಿಂದ ಬಂದವರೇ ಬ್ಯಾಗು ಹಿಡಿದಿರಿ. "ಪಂಪ್ ನಿಲ್ಸು. ಇಲ್ದಿದ್ರೆ ನಾನು ಹೊರಟೆ" ಅಂದಿರಿ.

ನಾನು ನಿಲ್ಲಿಸಲಿಲ್ಲ. ನೀವು ಬಸ್ಸು ಹತ್ತಿದ ಮೇಲೆ ಪಂಪ್‌ಹೌಸಿನ ಹಿಂದೆ ಕೂತು ಅತ್ತೆ. ಇದನ್ನು ಶಾಂತವೀರಪ್ಪನಿಗೆ ಓದಿ ಹೇಳಬೇಡಿ.

ಇನ್ನೊಂದು ವಿಷಯ. ಇರುವ ನೀರು ಯಾವ ತುಂಡಿಗೆ ಎಂಬ ಪ್ರಶ್ನೆ ಬಂದಾಗ, ನಮ್ಮ ಮದುವೆಯಾದ ವರ್ಷ ನೀವು ನೆಟ್ಟ ಕೆಳಗಿನ ರೊಬಸ್ಟಾ ಕಾಫಿಗೇ ಬಿಟ್ಟೆ. ಪಂಪಿಗೆ ಹತ್ತಿರ ಎಂದು ಆಳುಗಳಿಗೆ ಹೇಳಿದೆ.

ಮೇಲಿನ ತೋಟದ ಮೊಗ್ಗು ಅರ್ಧಕ್ಕೇ ನಿಂತಿದೆ. ನೋಡಿದರೆ ನನಗೂ ಸಂಕಟ. ಗೆದ್ದೆ ಎಂದು ಹೇಳಿಕೊಳ್ಳಲು ಈ ಕಾಗದ ಬರೆಯುತ್ತಿಲ್ಲ. ಸ್ವಲ್ಪ ಹಾಗೂ ಇದೆ ಅನ್ನಿ.

ನಿನ್ನೆ ತಮ್ಮಯ್ಯನವರು ಬೇಲಿಯ ಹತ್ತಿರ ಬಂದು ನಮ್ಮ ಹೂವು ನೋಡಿದರು. ಆಮೇಲೆ ಕೆಮ್ಮಿ, "ಅಕ್ಕಾ, ಆ ಡಬ್ಬಿ ಎಲ್ಲಿ ಸಿಗ್ತದೆ?" ಎಂದು ಕೇಳಿದರು. ಕೂರಿಸಿ ಕಾಫಿ ಕೊಟ್ಟೆ. ಈಗ ಸುತ್ತಲಿನ ಏಳು ತೋಟದವರು ಮಳೆ ಅಳೆದು ಒಬ್ಬರಿಗೊಬ್ಬರು ತಿಳಿಸುವುದು ಎಂದಾಗಿದೆ. ನಿಮ್ಮನ್ನು ಕೇಳದೆ ನಿಮ್ಮ ಹೆಸರನ್ನೂ ಸೇರಿಸಿದ್ದೇನೆ.

ನಿಮ್ಮ ಹಠಕ್ಕೆ ಸರಿಜೋಡಿ,
ಗಿರಿಜಾ

ತಾ.ಕ.: ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಬರುವ ಭಾನುವಾರ ಕಳಸದಲ್ಲೂ ಅದೇ ತರಬೇತಿ. ಹೂಮಳೆಯ ಪಾಠ ನೀವೇ ಹೇಳಿಕೊಡಿ ಎಂದು ನನ್ನನ್ನು ಕರೆದಿದ್ದಾರೆ. ಒಪ್ಪಿಕೊಂಡೆ. ನಲವತ್ತು ಗಂಡಸರು ಬರುತ್ತಾರಂತೆ. ನೀವು ಎದುರಿಗೆ ಕೂತರೆ ನನಗೆ ಮಾತು ತಡವರಿಸಬಹುದು. ನೀವು ಬರದಿದ್ದರೆ ಬಾಯೇ ಬರುವುದಿಲ್ಲ. ಬನ್ನಿ.