ಅಮ್ಮನ ಸೊಂಟಕ್ಕೆ ಮೆತ್ತನೆಯ ಟೈರು

ನವೆಂಬರ್ 7, ಮಂಗಳವಾರ, ಸಂಜೆ

ಹೋಗಿ ಬಂದದ್ದು ನಾನೂರ ಇಪ್ಪತ್ತು ಕಿಲೋಮೀಟರ್. ಅಮ್ಮನಿಗೆ ಸೂಜಿ ಚುಚ್ಚಿದ್ದು ಹತ್ತು ನಿಮಿಷ. ಈ ಮದ್ದು ನಮ್ಮ ಶಿಕುಟಿಮಿಯಲ್ಲಿ ಇಲ್ಲ, ಕೆಬೆಕ್ ನಗರಕ್ಕೇ ಹೋಗಬೇಕು. ಹದಿನೈದು ದಿನಕ್ಕೊಮ್ಮೆ, ನಾವು ಪಾರ್ಕು ಅನ್ನುವ, ಮನೆಗಳಿಲ್ಲದ ದೊಡ್ಡ ಕಾಡು ದಾಟಿ.

ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿದೆ. ರಸ್ತೆಯ ಒಂದೊಂದು ಬಿರುಕಿಗೂ ಹಿಂದಿನ ಸೀಟಿನಿಂದ "ಹಾ" ಅನ್ನುತ್ತಾಳೆ. ಜೋರಾಗಿ ಅಲ್ಲ. ಜೋರಾಗಿ ಕೂಗಿದ್ದರೆ ವಾಸಿ ಇತ್ತು.

ಕಾರು ತಂಗಿ ಕೊಲೊಂಬ್ ಕೊಡಿಸಿದ್ದು. ಜರ್ಮನ್ ಕಾರು. ಮೊಂಟ್ರಿಯಲ್ಲಿ ನೋಟರಿಯಾಗಿರುವ ತಂಗಿಯವರು ತಾವು ಬರುವ ಬದಲು ಕಾರು ಕಳಿಸಿದರು. ಮರದ ಗಾಡಿಯಲ್ಲಿ ಕೂತ ಹಾಗಿದೆ.

ನವೆಂಬರ್ 9

ರೊಸೇರ್‌ನ ಗ್ಯಾರೇಜಿಗೆ ಹೋಗಿದ್ದೆ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು. ಟೈರಿನ ಪಕ್ಕೆಗೆ ಬೂಟಿನಿಂದ ಒದ್ದು ತೋರಿಸಿದ.

"ಇವು ರನ್-ಫ್ಲಾಟ್, ಒದೀಲ್. ಗಾಳಿ ಪೂರ್ತಿ ಹೋದ್ರೂ ಎಂಬತ್ತು ಕಿಲೋಮೀಟರ್ ಓಡ್ತವೆ. ಅದಕ್ಕೇ ಪಕ್ಕೆ ಕಲ್ಲಿನ ಹಾಗೆ. ಇವನ್ನ ನಂಬ್ಕೊಂಡು ಕಾರಲ್ಲಿ ಸ್ಟೆಪ್ನಿನೇ ಇಟ್ಟಿಲ್ಲ ನೋಡು."

ಡಿಸೆಂಬರ್ ಒಂದರೊಳಗೆ ಹೇಗೂ ಚಳಿಗಾಲದ ಟೈರು ಹಾಕಿಸಲೇಬೇಕು, ಕಾನೂನು. ಅವು ಮೆತ್ತಗಿರುತ್ತವಾ ಅಂತ ಕೇಳಿದೆ.

"ಚಳಿಗಾಲದ್ದೂ ರನ್-ಫ್ಲಾಟ್ ಸಿಗುತ್ತೆ. ಅದೂ ಗಟ್ಟೀನೇ. ಮಾಮೂಲಿ ಹಾಕಿಸ್ಕೊ, ಹಾಸಿಗೆ ಮೇಲೆ ಹೋದ ಹಾಗಿರುತ್ತೆ. ಆದ್ರೆ ಪಾರ್ಕಲ್ಲಿ ಪಂಕ್ಚರ್ ಆದ್ರೆ ಮಾತ್ರ..." ಫೋನು ಸಿಗದ ಜಾಗ. ಅವನಿಗೂ ಗೊತ್ತು, ನನಗೂ ಗೊತ್ತು.

ಸಂಜೆ ಕೊಲೊಂಬ್‌ಗೆ ಫೋನ್ ಮಾಡಿದ್ದು ನನ್ನ ತಪ್ಪು.

"ನಿಂಗೆ ತಲೆ ಕೆಟ್ಟಿದೆಯಾ? ಎಂಬತ್ಮೂರು ವರ್ಷದ ರೋಗಿನ ಸ್ಟೆಪ್ನಿ ಇಲ್ದೆ ಆ ಕಾಡಲ್ಲಿ ಕರ್ಕೊಂಡು ಹೋಗ್ತೀಯಾ?"

"ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ ಓಡ್ಸಿದೀನಿ ನಾನು."

"ಊರೊಳಗೆ ಮಕ್ಕಳನ್ನ ಸುತ್ತಿಸಿದ್ದು ಅದು! ಕಾರು ನನ್ನ ಹೆಸರಲ್ಲಿದೆ, ಒದೀಲ್."

"ಮೂಳೆ ಅಮ್ಮನ ಹೆಸರಲ್ಲಿದೆ."

ಫೋನ್ ಇಟ್ಟುಬಿಟ್ಟಳು.

ನವೆಂಬರ್ 16

ಹಾಕಿಸಿದೆ. ನಾಲ್ಕೂ ಮಾಮೂಲಿ. ಡಿಕ್ಕಿಯಲ್ಲಿ ಅಮ್ಮನ ಗಾಲಿಕುರ್ಚಿ, ಅದರ ಪಕ್ಕ ಒಂದು ಸಣ್ಣ ಪಂಪು, ತೂತು ಮುಚ್ಚುವ ಅಂಟಿನ ಬಾಟಲಿ. ಕೊಲೊಂಬ್‌ಗೆ ಹೇಳಿಲ್ಲ. ಹೇಳುವುದೂ ಇಲ್ಲ.

ನವೆಂಬರ್ 21, ಮಂಗಳವಾರ

ಪಾರ್ಕಿನ ಕೆರೆ ದಾಟುವವರೆಗೂ ಹಿಂದಿನಿಂದ ಅಮ್ಮನ ಸದ್ದಿಲ್ಲ. ಹೆದರಿ ಕನ್ನಡಿಯಲ್ಲಿ ನೋಡಿದೆ. ಕಣ್ಣು ಬಿಟ್ಟೇ ಇದ್ದಳು.

"ರಸ್ತೆ ಹೊಸದಾಗಿ ಮಾಡಿದ್ರಾ?"

"ಹೂಂ, ಮಾಡಿದ್ರು."

ವಾಪಸ್ ಬರುವಾಗ ನಿದ್ದೆ ಹೋದಳು. ಸೆಪ್ಟೆಂಬರಿನಿಂದ ಆ ಕಾರಿನಲ್ಲಿ ಒಂದು ಸಲವೂ ಮಲಗಿರಲಿಲ್ಲ.

ನವೆಂಬರ್ 24

ಅಮ್ಮ ಫೋನಿನಲ್ಲಿ ಕೊಲೊಂಬ್‌ಗೆ ಹೊಸ ರಸ್ತೆಯ ಗುಣಗಾನ ಮಾಡಿದ್ದಾಳೆ. ನೋಟರಿಗೆ ಅಷ್ಟು ಸಾಕು. ಮಧ್ಯಾಹ್ನ ಮೇಲ್ ಬಂತು. 'ಮಾಲೀಕರ ಒಪ್ಪಿಗೆಯಿಲ್ಲದೆ' ಅಂತೆ. 'ಅನಾಹುತವಾದಲ್ಲಿ ಸಂಪೂರ್ಣ ಹೊಣೆ ನಿನ್ನದು' ಅಂತೆ. ಅಕ್ಕನಿಗೆ ಬರೆಯುವ ಕಾಗದವೇ ಇದು? ಒಂದೇ ಶಬ್ದದ ಉತ್ತರ ಕಳಿಸಿದೆ. ಚರ್ಚಿನ ಬಲಿಪೀಠದ ಮೇಲೆ ಇರುವ ವಸ್ತುವಿನ ಹೆಸರು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಡಿಸೆಂಬರ್ 5, ಮಂಗಳವಾರ

ಹಿಮ. ಹೋದೆವು, ಬಂದೆವು.

ಡಿಸೆಂಬರ್ 20

ನಿನ್ನೆಯದು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬೆರಳು ಮಡಚಲು ಬರುತ್ತಿರಲಿಲ್ಲ.

ಪಾರ್ಕಿನ ನಡುಮಧ್ಯ. ಯಾವುದೋ ಮರ ಸಾಗಿಸುವ ಲಾರಿಯಿಂದ ಬಿದ್ದ ಕಬ್ಬಿಣದ ತುಂಡು, ಅರ್ಧ ಹಿಮದಲ್ಲಿ ಹೂತಿತ್ತು. ನೋಡುವಷ್ಟರಲ್ಲಿ ಹತ್ತಿಸಿದ್ದೆ. ಬಲಗಡೆಯ ಹಿಂದಿನ ಟೈರಿನ ಪಕ್ಕೆ ಒಂದು ಗೇಣು ಸೀಳಿತ್ತು. ಅಂಟು ಸುರಿದೆ, ಸೀಳಿನಿಂದ ಹೊರಗೆ ಬಂದು ಹೆಪ್ಪುಗಟ್ಟಿತು. ಮೈನಸ್ ಇಪ್ಪತ್ತೇಳು. ತುರ್ತು ಫೋನಿನ ಕಂಬ ಆರು ಕಿಲೋಮೀಟರ್ ಹಿಂದೆ. ಅಮ್ಮನನ್ನು ಬಿಟ್ಟು ನಡೆಯುವುದು ಹೇಗೆ? ಇಂಜಿನ್ ಆನ್ ಇಟ್ಟುಕೊಂಡು ಕೂತೆವು. ಎರಡು ಕಾರು ನಿಲ್ಲಿಸದೆ ಹೋದವು.

ಮುಕ್ಕಾಲು ಗಂಟೆ ಕಳೆದ ಮೇಲೆ ಅಮ್ಮ ಅಂದಳು, "ಒಂದಕ್ಕೆ ಹೋಗ್ಬೇಕು."

ಬಾಗಿಲು ತೆಗೆದು ಅದರ ಮರೆಯಲ್ಲಿ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದೆ. ಗಾಳಿ. ಅವಳ ಬೆತ್ತಲೆ ತೊಡೆಯ ಮೇಲೆ ಹಿಮ. ಅಷ್ಟು ಹಗುರವಾಗಿದ್ದಾಳೆಂದು ಗೊತ್ತಿರಲಿಲ್ಲ. ಅವಳು ಬಲಿಪೀಠದ ಸಾಮಾನೆಲ್ಲ ಒಂದೊಂದಾಗಿ ಇಳಿಸಿ ಬೈದಳು. ನನ್ನನ್ನೋ ಗಾಳಿಯನ್ನೋ ತಿಳಿಯಲಿಲ್ಲ.

ಒಳಗೆ ಕೂರಿಸಿ ಕಂಬಳಿ ಹೊದಿಸಿದ ಮೇಲೆ ಅಮ್ಮ ಅಂದಳು:

"ನಿನ್ನ ತಂಗಿ ಹೇಳಿದ್ದು ಸರಿ ಅಂತ ಒಪ್ಕೋ."

"ಒಪ್ಪಲ್ಲ."

"ರಸ್ತೆ ಹೊಸದು ಅಂದ್ಯಲ್ಲೇ, ಸುಳ್ಳಿ."

ಒಂದೂ ಮುಕ್ಕಾಲು ಗಂಟೆಯ ಮೇಲೆ ಹಿಮ ತಳ್ಳುವ ಲಾರಿಯವನು ನಿಲ್ಲಿಸಿದ. ರೇಡಿಯೋದಲ್ಲಿ ಕೂಗಿ ಟೋ ಗಾಡಿ ಕರೆಸಿದ. ಸೂಜಿ ತಪ್ಪಿತು. ಇನ್ನು ಜನವರಿ ಎರಡಕ್ಕೆ. ಸಂಜೆಯಿಂದ ಅಮ್ಮನಿಗೆ ಜ್ವರ.

ಡಿಸೆಂಬರ್ 22

ಕೊಲೊಂಬ್ ಬಸ್ಸಿನಲ್ಲಿ ಬಂದಿಳಿದಳು. ಕೋಟು ಬಿಚ್ಚುವ ಮುಂಚೆ ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದಳು.

"ಕೊಲ್ತಿದ್ದೆ ಅವಳನ್ನ."

ಕೀ ತನ್ನ ಜೇಬಿಗೆ ಹಾಕಿಕೊಂಡಳು.

"ಬೇರೆ ಗ್ಯಾರೇಜಲ್ಲಿ ಚಳಿಗಾಲದ ರನ್-ಫ್ಲಾಟ್ ಆರ್ಡರ್ ಮಾಡಿದೀನಿ. ಇನ್ಮೇಲೆ ನಾನು ಕರ್ಕೊಂಡು ಹೋಗ್ತೀನಿ. ನೀನು ಸೂಪು ಕುದಿಸ್ಕೊಂಡು ಕೂತಿರು."

ಡಿಸೆಂಬರ್ 25

ಮೂವರೇ. ಮಾಂಸದ ಕಡುಬು ಕೊಲೊಂಬ್ ಕತ್ತರಿಸಿದಳು, ನಾನು ಬಡಿಸಿದೆ. ಅಮ್ಮ ಎರಡು ತುತ್ತು ತಿಂದಳು.

ಜನವರಿ 2, ಮಂಗಳವಾರ

ಅವರಿಬ್ಬರೇ ಹೋದರು, ಹೊಸ ಗಟ್ಟಿ ಟೈರಿನ ಮೇಲೆ. ಐದು ಗಂಟೆಗೆ ಕಾರು ಬಂದು ನಿಂತಿತು. ಯಾರೂ ಇಳಿಯಲಿಲ್ಲ. ನಾನೇ ಹೋಗಿ ಬಾಗಿಲು ತೆಗೆದೆ. ಅಮ್ಮ ತುಟಿ ಕಚ್ಚಿಕೊಂಡಿದ್ದಳು, ಗದ್ದದ ಮೇಲೆ ರಕ್ತ ಒಣಗಿತ್ತು. ಕೊಲೊಂಬ್‌ಳ ಎರಡೂ ಕೈ ಇನ್ನೂ ಸ್ಟಿಯರಿಂಗ್ ಮೇಲೆ.

ಅಮ್ಮನನ್ನು ಮಲಗಿಸಿದ ಮೇಲೆ ಕೊಲೊಂಬ್ ಅಡಿಗೆಮನೆಗೆ ಬಂದಳು.

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ದೆ."

"ಹೀಗೆ ಅಂತ ಹೇಳ್ಲಿಲ್ಲ."

"ಹೇಳಿದ್ದೆ, ಕೊಲೊಂಬ್."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ತುಂಬ ಹೊತ್ತು.

ನನಗೆ ಖುಷಿಯಾಯಿತು. ಬರೆದು ಹೊಡೆದುಹಾಕಿದೆ. ಆದರೆ ಆಗಿದ್ದು ಹೌದು. ಆ ರಕ್ತ ನೋಡಿದ ಮೇಲೂ.

ಜನವರಿ 10

ರೊಸೇರ್ ಮತ್ತೆ ಮೆತ್ತನೆಯವನ್ನೇ ಹಾಕಿದ, ಸೀಳಿದ್ದರ ಬದಲು ಹೊಸದೊಂದು. ಡಿಕ್ಕಿಯಲ್ಲಿ ಪೂರ್ತಿ ಅಳತೆಯ ಸ್ಟೆಪ್ನಿ, ಜಾಕ್. ಈಗ ಗಾಲಿಕುರ್ಚಿಗೆ ಜಾಗ ಇಲ್ಲ. ಕುರ್ಚಿ ಇಲ್ಲದಿದ್ದರೆ ಸೊಂಟ ಅಲುಗದ ಹಾಗೆ ಅಮ್ಮನನ್ನು ಎತ್ತಲು ಇಬ್ಬರು ಬೇಕು.

"ಹಾಗಾದ್ರೆ ನಾನೂ ಬರ್ಬೇಕಾಗುತ್ತೆ," ಅಂದಳು ಕೊಲೊಂಬ್.

"ಯಾರೂ ಕರೀಲಿಲ್ಲ."

"ನೀನು ಕರೀಲಿ ಅಂತ ಕಾಯ್ತಾ ಕೂತ್ರೆ ನನ್ನ ಹೆಣಾನೂ ಬರಲ್ಲ."

ರಜೆ ಹಾಕಿದ್ದಾಳೆ. ನನ್ನ ಕಾಫಿ ಕಪ್ಪಿನಲ್ಲೇ ಕುಡಿಯುತ್ತಾಳೆ. ಬೇಕೆಂದೇ.

ಜನವರಿ 15, ಸೋಮವಾರ

ನಾಳೆ ಯಾರು ಓಡಿಸಬೇಕೆಂದು ಬೆಳಗಿನಿಂದ ಜಗಳ. ಹೋಗುವಾಗ ನಾನು, ಬರುವಾಗ ಅವಳು ಅಂತ ತೀರ್ಮಾನವಾಗುವಷ್ಟರಲ್ಲಿ ಒಳಗಿನಿಂದ ಅಮ್ಮ ಕೂಗಿದಳು. ಇಬ್ಬರೂ ಓಡಿದೆವು.

"ನಾಳೆ ಆಸ್ಪತ್ರೆಗೆ ನಾನು ಬರಲ್ಲ. ನಾಡಿದ್ದೂ ಬರಲ್ಲ. ಸಾಕು."

ಕೊಲೊಂಬ್ ನನ್ನ ಕಡೆ ತಿರುಗಿದಳು. "ನೀನು ಹೇಳ್ಕೊಟ್ಟಿದ್ದು ಇದು!"

"ನಾನ್ಯಾಕೆ ಹೇಳ್ಕೊಡ್ಲಿ? ನೀನು ರಕ್ತ ಬರಿಸಿದ್ದಕ್ಕೆ..."

"ಮುಚ್ಚಿ ಬಾಯಿ, ಇಬ್ರೂ!" ಅಷ್ಟು ದನಿ ಅವಳಲ್ಲಿ ಉಳಿದಿದೆಯೆಂದು ಗೊತ್ತಿರಲಿಲ್ಲ. "ಎರಡು ತಿಂಗಳು ಟೈರಿಗೆ ಹೊಡೆದಾಡಿದ್ರಿ. ನಿಂಗೆ ಹೋಗೋಕೆ ಇಷ್ಟ ಇದೆಯಾ ಅಂತ ನನ್ನ ಕೇಳಿದ್ದು ಯಾರು?"

ನಾನು ಕೇಳಿರಲಿಲ್ಲ. ಕೊಲೊಂಬ್ ನೆಲ ನೋಡುತ್ತಿದ್ದಳು.

ಅಮ್ಮನೇ ಅಂದಳು, "ಊರಾಚೆ ಕೊಲ್ಲಿಯ ನೀರು ಹೆಪ್ಪುಗಟ್ಟಿರಬೇಕು. ಮಂಜುಗಡ್ಡೆ ಮೇಲೆ ಮೀನು ಹಿಡಿಯೋರು ಗುಡಿಸಲು ಹಾಕಿರ್ತಾರೆ. ಅಲ್ಲಿಗೆ ಬೇಕಾದ್ರೆ ಕರ್ಕೊಂಡು ಹೋಗಿ. ಮೆತ್ತಗೆ."

ಜನವರಿ 16, ಮಂಗಳವಾರ, ಬೆಳಿಗ್ಗೆ 7

ಅಮ್ಮ ಕೆಂಪು ಟೋಪಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಾಯಿತು. ಇಬ್ಬರೂ ಸೇರಿ ಎತ್ತಿದೆವು. ಕೊಲೊಂಬ್ "ನಿಧಾನ" ಅಂದಳು, ನಾನು "ಗೊತ್ತು" ಅಂದೆ. ಇವತ್ತಿನ ಮಾತು ಇಷ್ಟೇ. ಈಗ ಹೊರಗಿನಿಂದ ಕೊಲೊಂಬ್ ಹಾರ್ನ್ ಹೊಡೆಯುತ್ತಿದ್ದಾಳೆ.

ಬೀದಿಯ ಕೊನೆಯಲ್ಲಿ ಎಡಕ್ಕೆ ಹೊರಳಿದರೆ ಪಾರ್ಕು, ಬಲಕ್ಕೆ ಕೊಲ್ಲಿ. ಈಗ ಹೊರಟರೆ ಹತ್ತು ಗಂಟೆಯ ಸೂಜಿಗೆ ಇನ್ನೂ ಹೊತ್ತಿದೆ. ತಿರುವಿನಲ್ಲಿ ಅಮ್ಮ ಮನಸ್ಸು ಬದಲಾಯಿಸುತ್ತಾಳೆ ಅಂತ ಕೊಲೊಂಬ್‌ಗೆ ಆಸೆ, ಮುಖ ನೋಡಿದರೆ ತಿಳಿಯುತ್ತದೆ. ನನಗೆ ಅಂಥ ಆಸೆ ಇಲ್ಲ ಅಂತ ಬರೆಯಲು ಹೊರಟೆ. ಆದರೆ ಕೋಟಿನ ಜೇಬಿಗೆ ಕೈ ಹಾಕಿದರೆ ಇವತ್ತಿನ ಸೂಜಿಗೆ ಆಸ್ಪತ್ರೆಯವರು ಕೊಟ್ಟ ಚೀಟಿ ಸಿಕ್ಕಿತು. ನಾನೇ ಇಟ್ಟುಕೊಂಡಿದ್ದೇನೆ. ಯಾವಾಗ ಇಟ್ಟುಕೊಂಡೆ, ಯಾಕೆ—