ಉಗುಳಿಗೊಂದು ಕಥೆ

ಫೆಬ್ರವರಿ ೩

ಗುಡ್ಡದ ಮೇಲಿನ ಬೀದಿ ಇವತ್ತಿಗೆ ಮುಗಿದ ಹಾಗೇ. ಇನ್ನು ಅಕ್ಕನ ಮನೆ ಒಂದು ಬಾಕಿ. ಟ್ಯೂಬುಗಳೆಲ್ಲ ಭರ್ತಿ. ಗೆರೆ ಮುಟ್ಟುವಷ್ಟು ಉಗುಳು ಬೇಕು — ಡಿಎನ್‌ಎ ತೆಗೆಯುವುದು ಅದರಿಂದಲೇ. ಆದರೆ ಟ್ಯೂಬು ಕೈಗೆ ಕೊಟ್ಟ ಕೂಡಲೇ ಎಂಥವರ ಬಾಯೂ ಒಣಗುತ್ತದೆ. ಜಗಳದಲ್ಲಿ ಧಾರಾಳವಾಗಿ ಉಗಿಯುವವರೂ ಇಲ್ಲಿ ನಾಚಿಕೊಳ್ಳುತ್ತಾರೆ.

ಅದಕ್ಕೇ ನನ್ನ ಕಥೆ. ಅತ್ತೆ ಮನೆಗೆ ಹೋದ ಅಳಿಯ ಅಡುಗೆಮನೆಯಲ್ಲಿ ನಿಂಬೆಹಣ್ಣು ಕದ್ದು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಅತ್ತೆ ಬಂದು ಬೀಗರ ಕಡೆಯವರ ಕ್ಷೇಮಸಮಾಚಾರವನ್ನೆಲ್ಲ ಒಬ್ಬೊಬ್ಬರದಾಗಿ ವಿಚಾರಿಸತೊಡಗಿದಳು... ನಿಂಬೆ ಒಡೆದು ರಸ ಗಂಟಲಿಗೆ ಇಳಿಯುವ ಹೊತ್ತಿಗೆ ಕೇಳುವವರ ಬಾಯಲ್ಲಿ ನೀರು. ಟ್ಯೂಬು ತುಂಬುತ್ತದೆ. ಆಮೇಲೆ ಪ್ರಶ್ನೆ: ಒಟ್ಟಾರೆ ನೀವು ಎಷ್ಟು ಸುಖವಾಗಿದ್ದೀರಿ? ಸೊನ್ನೆಯಿಂದ ಹತ್ತರೊಳಗೆ ಹೇಳಿ.

ಎಂಟು, ಒಂಬತ್ತು. ನಮ್ಮ ಜನವೇ ಹಾಗೆ. ನಾನೂ ಇದೇ ಗುಡ್ಡದವಳು, ನನಗೆ ಗೊತ್ತಿಲ್ಲವೇ.

ಫೆಬ್ರವರಿ ೪

ಅಕ್ಕನ ಮನೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದಳು. ಯಾಕೆಂದು ಕೇಳಿದೆ. ಕಣ್ಣು ಸ್ವಲ್ಪ ಮಂಜು ಎಂದಳು. ಕನ್ನಡಕ ಬದಲಾಯಿಸು ಎಂದೆ. ನಿಂಬೆಹಣ್ಣಿನ ಕಥೆ ಅವಳಿಂದಲೇ ಕಲಿತದ್ದು. ಆದರೂ ನಾನು ಕೆನ್ನೆ ಉಬ್ಬಿಸಿ ಅಳಿಯನ ಹಾಗೆ ಮಾತಾಡಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಹತ್ತು ಎಂದಳು. ಬರೆದುಕೊಂಡೆ.

ಮಾರ್ಚ್ ೧೧

ಡಾಕ್ಟರ್ ಮೇಡಂ — ಈ ಸಂಶೋಧನೆ ಅವರದು — ಕಂಪ್ಯೂಟರಿನ ಮುಂದೆ ಕರೆದು ತೋರಿಸಿದರು. ಗುಡ್ಡದವರ ಅಂಕ ಮೇಲೆ, ಬಂದರಿನವರದು ಕೆಳಗೆ. ಜೀನಿನ ಒಂದು ಅಕ್ಷರ ಗುಡ್ಡದವರಲ್ಲಿ ಬಹಳ, ಬಂದರಿನವರಲ್ಲಿ ಅಪರೂಪ. ಸುಖಕ್ಕೂ ಅದಕ್ಕೂ ನಂಟಿರಬಹುದಂತೆ. ಮೇ ತಿಂಗಳ ದೊಡ್ಡ ಸಭೆಯಲ್ಲಿ ಹೇಳುತ್ತಾರೆ. ಅಲ್ಲಿ ಒಪ್ಪಿದರೆ ಇನ್ನೂ ಐದು ವರ್ಷ ನಮ್ಮೆಲ್ಲರ ಕೆಲಸ ಭದ್ರ.

ಬಂದರಿನ ಮನೆಗಳಿಗೆ ಹೋಗುವವನು ಗಡಿಯಾರ. ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಇಲ್ಲ. ಕೈಪಿಡಿಯಲ್ಲಿ ಬರೆದಷ್ಟೇ ಮಾತು. ಅವನೂ ಬಂದರಿನವನೇ. "ಸುಖ ನಿನ್ನ ರಕ್ತದಲ್ಲೇ ಇಲ್ವಲ್ಲಪ್ಪ, ಏನು ಮಾಡೋದು?" ಎಂದು ಕೆಣಕಿದೆ.

"ನಿಮ್ಮದು ಅರ್ಧ ಲೋಟ ಕೊಡಿ ಮತ್ತೆ" ಎಂದ. ನಗಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಸುಖ ನಮಗೆ ಹುಟ್ಟಿನಿಂದಲೇ ಬಂದದ್ದಂತೆ ಎಂದೆ. ಹೌದಾ ಎಂದಳು. ಅಷ್ಟೆ. ಲೈನು ಕಟ್ಟಾಯಿತೆಂದುಕೊಂಡೆ.

ಏಪ್ರಿಲ್ ೨

ಗಡಿಯಾರ ನಿಂತುಹೋಗಿದೆ — ಕಾಲು ಉಳುಕಿ ಮನೆಯಲ್ಲಿ. ಬಂದರಿನಲ್ಲಿ ಉಳಿದಿದ್ದ ಒಂದು ಬೀದಿ ನನ್ನ ಪಾಲಿಗೆ. ಬಲೆ ಹೆಣೆಯುವವರು, ಹಡಗಿನ ಮೂಟೆ ಇಳಿಸುವವರು. ಮೊದಲು ಬಿಗಿದ ಮುಖ. ನಿಂಬೆ ಒಡೆದದ್ದೇ ತಡ, ಒಬ್ಬ ಮುದುಕಿ ನಕ್ಕು ನಕ್ಕು ಟ್ಯೂಬನ್ನೇ ಕೆಡವಿದಳು. ಎಂಟು. ಒಂಬತ್ತು. ಮತ್ತೆ ಒಂಬತ್ತು. ಮುದುಕಿ ಹನ್ನೊಂದು ಬರೆದುಕೋ ಎಂದು ಹಟ ಹಿಡಿದಳು.

ಈಗ ಇದನ್ನು ಬರೆಯುವಾಗ ಮನಸ್ಸಿಗೆ ಏನೋ ಚುಚ್ಚುತ್ತಿದೆ... ಇರಲಿ. ಬಂದರಿನಲ್ಲೂ ಒಂದು ಒಳ್ಳೆಯ ಬೀದಿ ಇರಬಾರದೆಂದೇನಿಲ್ಲ.

ಏಪ್ರಿಲ್ ೨೩, ಸಂಜೆ

ಮೇಡಂ ಕರೆಸಿದರು. ಆ ಬೀದಿಯ ಜೀನು ಬಂದರಿನದೇ, ಅಂಕ ಮಾತ್ರ ಗುಡ್ಡದ ಹಾಗೆ. ಹೇಗೆ ಕೇಳಿದಿರಿ, ಮೊದಲಿಂದ ಮಾಡಿ ತೋರಿಸಿ ಎಂದರು. ತೋರಿಸಿದೆ — ಕೆನ್ನೆ ಉಬ್ಬಿಸಿ, ಅತ್ತೆಯ ದನಿ ತೆಗೆದು, ಒಂದಿಷ್ಟೂ ಬಿಡದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ನಗು ಇಳಿಯುತ್ತಾ ಹೋದದ್ದನ್ನು ನೋಡುತ್ತಾ ನಿಂತೆ.

"ಈಗ ನನ್ನನ್ನ ಕೇಳಿ, ಎಷ್ಟು ಸುಖ ಅಂತ."

ಕೇಳಿದೆ.

"ಬಾಯಿಗೆ ಒಂಬತ್ತು ಅಂತ ಬರ್ತಿದೆ. ಬೆಳಿಗ್ಗೆ ಕೇಳಿದ್ರೆ ಐದು ಅಂತಿದ್ದೆ."

ಅರ್ಥವಾಯಿತು. ಗುಡ್ಡದವರಲ್ಲಿ ಆ ಅಕ್ಷರ ಹೆಚ್ಚು. ಕಥೆ ಸಿಕ್ಕಿದ್ದೂ ಗುಡ್ಡದವರಿಗೇ. ಎರಡನ್ನೂ ಗಂಟು ಹಾಕಿ ಕೂತಿದ್ದೆವು. ಆ ಅಕ್ಷರ ಗುಡ್ಡದ್ದು, ಸುಖದ್ದಲ್ಲ. ಮೇಡಂ ಬೈಯಲಿಲ್ಲ. ಸುಖದಲ್ಲಿ ಜೀನಿನ ಪಾಲೂ ಇದ್ದೇ ಇದೆ, ಆದರೆ ಅದು ಸಾವಿರಾರು ಅಕ್ಷರಗಳಲ್ಲಿ ಚಿಟಿಕೆ ಚಿಟಿಕೆಯಾಗಿ ಹರಡಿರುತ್ತದೆ, ಹುಡುಕಬೇಕಾದರೆ ಎಲ್ಲರನ್ನೂ ಒಂದೇ ರೀತಿ ಕೇಳಬೇಕು ಎಂದರು. ಸಭೆಗೆ ಹೋಗುವುದಿಲ್ಲವಂತೆ. ಐದು ವರ್ಷದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗುಡ್ಡದಲ್ಲಿ ಮತ್ತೆ ಕೇಳಬೇಕು, ಕಥೆಯಿಲ್ಲದೆ. ಯಾರು ಹೋಗುತ್ತೀರಿ ಎಂದರು. ನಾನೇ ಎಂದೆ. ನಾನು ಹಾಕಿದ ಗಂಟು, ಬಿಚ್ಚುವುದಕ್ಕೂ ನನಗೆ ಬರುತ್ತದೆ. ಗಡಿಯಾರ ಕುಂಟುತ್ತ ಬಂದು ಕೈಪಿಡಿ ಕೊಟ್ಟ.

"ಕೆನ್ನೆ ಒಳಗೇ ಇರಲಿ" ಎಂದ. ಅವನು ನಕ್ಕದ್ದನ್ನು ಮೊದಲ ಸಲ ನೋಡಿದೆ.

ಮೇ ೬

ತುಟಿ ಹೊಲಿದುಕೊಂಡವಳ ಹಾಗೆ ಮನೆ ಮನೆ ತಿರುಗಿದೆ. ಆರು. ಐದು. ಏಳು. ಆರು. ಬಂದರಿನವರಿಗಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಜಂಬಕ್ಕೆ ಸ್ವಲ್ಪ ಪೆಟ್ಟಾಯಿತು, ಊಟಕ್ಕೇನೂ ಅಡ್ಡಿಯಾಗಲಿಲ್ಲ.

ಇಷ್ಟು ಸರಿಯಾಗಿ ಈ ಕೆಲಸವನ್ನು ನಾನು ಹಿಂದೆಂದೂ ಮಾಡಿಲ್ಲ. ನಾಳೆ ಅಕ್ಕ. ಅವಳದು ಏಳಕ್ಕಿಂತ ಕೆಳಗೆ ಬರುವುದಿಲ್ಲ, ಬರೆದಿಡುತ್ತೇನೆ ಬೇಕಾದರೆ.

ಮೇ ೭, ಮಧ್ಯಾಹ್ನ, ಅಕ್ಕನ ಮನೆ

ಹೊಲಿಗೆ ಯಂತ್ರ ಇದ್ದ ಜಾಗ ಖಾಲಿ. ಕೈಪಿಡಿಯಲ್ಲಿದ್ದಂತೆ ಪ್ರಶ್ನೆ ಓದಿದೆ. ಅಕ್ಕ ನನ್ನ ಮುಖ ನೋಡುತ್ತಿರಲಿಲ್ಲ, ದನಿ ಬರುವ ಕಡೆ ತಿರುಗಿದ್ದಳು, ಅಷ್ಟೆ.

"ನಾಲ್ಕು."

ಆವತ್ತು ಹತ್ತು ಅಂದಿದ್ದೆಯಲ್ಲ ಎಂದೆ. ಕೈಪಿಡಿಯಲ್ಲಿಲ್ಲದ ಮಾತು.

"ಅದು ನಿನ್ನ ಕಥೆಗೆ ಕೊಟ್ಟದ್ದು ಕಣೇ. ಚೆನ್ನಾಗಿ ಹೇಳ್ದೆ. ಇವತ್ತು ಮೂರು ಅನ್ನೋಣ ಅಂತಿದ್ದೆ, ನಿನಗೆ ಬೇಜಾರಾಗುತ್ತೆ ಅಂತ ಒಂದು ಸೇರಿಸ್ದೆ."

ಫೆಬ್ರವರಿಯಲ್ಲೇ ಕೇಳಬೇಕಿದ್ದ ಪ್ರಶ್ನೆಯನ್ನು ಇವತ್ತು ಕೇಳಿದೆ: ಎಷ್ಟು ಕಾಣುತ್ತೆ ಅಕ್ಕ? ಇರು, ಮುಖ ತೊಳ್ಕೊಂಡು ಬರ್ತೀನಿ ಎಂದು ಗೋಡೆ ಸವರುತ್ತ ಒಳಗೆ ಹೋದಳು. ಅಷ್ಟರಲ್ಲಿ ಇಷ್ಟು ಬರೆದೆ. ನಾಳೆ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುವುದು. ಬರುವುದಿಲ್ಲ ಎಂದರೆ ಎತ್ತಿಕೊಂಡು.

ಬಂದು ಎದುರಿಗೆ ಕೂತಳು. ಇವತ್ತು ಅವಳು ಹೇಳುತ್ತಾಳಂತೆ, ನಾನು ಕೇಳಬೇಕಂತೆ — ನಾನು ಸಣ್ಣವಳಿದ್ದಾಗಿನ ಹಾಗೆ. ಮೊದಲು ಆ ಪೆನ್ನು ಕೆಳಗಿಡು, ಗೀಚೋದು ಕೇಳಿಸ್ತಿದೆ ಎನ್ನುತ್ತಿ—