ಸಮುದ್ರ ವಾಪಸ್ ಕೊಟ್ಟ ಹೆಸರು

ಸಿಯೊರಾಪಲುಕ್,
ಬ್ಯಾಫಿನ್ ಕೊಲ್ಲಿಯ ದಂಡೆ

ಪ್ರೀತಿಯ ಅಜ್ಜಿ,

ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ನಮ್ಮ ಊಟವೂ ನಡೆಯುವ ದಾರಿಯೂ ಸಮುದ್ರವೇ ಆದರೂ ನನಗೆ ಅದೆಂದರೆ ಭಯ. ಮಂಜುಗಡ್ಡೆ ಒಡೆದು ಮುಳುಗಿಹೋದ ನಿನ್ನ ಮಗ ಉಯರಾಕನ ಹೆಸರನ್ನು, ಆಮೇಲೆ ಹುಟ್ಟಿದ ನನಗೆ ನೀನೇ ಇಟ್ಟೆ. ಹೆಸರಿನ ಜೊತೆ ಅವನೂ ಬಂದನೆಂದು ಊರೆಲ್ಲ ನಂಬಿತು. ನಾನು ಹೆಣ್ಣಾದರೂ ನೀನು, "ಏನೋ ಮಗನೇ, ಸಮುದ್ರ ನಿನ್ನ ವಾಪಸ್ ಕೊಟ್ಟಿದೆ ಕಣೋ, ಅದರ ಮೇಲೆ ಮುನಿಸ್ಕೋಬೇಡ" ಎಂದು ನಗುತ್ತಿದ್ದೆ. ನಾನು ಶಾಲೆ ಬಿಟ್ಟು, ಮಂಜಿನ ಮೇಲೋಡುವ ಜಾರುಬಂಡಿಗೆ ನಾಯಿ ಕಟ್ಟಿ ಬೇಟೆಗೆ ಹೊರಟಿದ್ದು ಆ ನಗುವಿಗಾಗಿ.

ಈಗೀಗ ಮಂಜು ಬೇಸಿಗೆಗೆ ಮುಂಚೆಯೇ ಬಿರಿಯುತ್ತದೆ. ಅವನು ಮುಳುಗಿದ ಜಾಗದಲ್ಲೇ ಮೊನ್ನೆ ನನ್ನ ಕಾಲಡಿಯೂ ಕುಸಿಯಿತು. ನಾಯಿಗಳು ಎಳೆದು ತಂದವು. ಅದೇ ಮಗನನ್ನು ನೀನು ಇನ್ನೊಮ್ಮೆ ಕಳೆದುಕೊಳ್ಳಬಾರದು.

ನಾನು ಹೋದಮೇಲೆ ನಾಯಿಗಳಿಗೆ ಮಾಂಸ ಹಾಕಿಸು. ಯಾರಾದರೂ ಸೀಲ್ ಬೇಟೆಯಾಡಿ ತಂದರೆ ಅದರ ಬಾಯಿಗೆ ಸಿಹಿನೀರು ಬಿಡು. ಉಪ್ಪುನೀರಲ್ಲಿ ಬದುಕಿದ ಜೀವ, ಬಾಯಾರಿರುತ್ತದೆ. ಅತ್ತಿಗೆಗೆ ಹುಟ್ಟುವ ಕೂಸಿಗೂ ಉಯರಾಕ್ ಎಂದೇ ಹೆಸರಿಟ್ಟು ಮಗನೇ ಎಂದು ಕರೆ. ನನ್ನನ್ನು ಒಮ್ಮೆಯಾದರೂ ಮೊಮ್ಮಗಳೇ ಎನ್ನು.

ದಕ್ಷಿಣದಲ್ಲಿ ಮೀನಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆ. ನಾಳೆ ಹೆಲಿಕಾಪ್ಟರ್‌ನಲ್ಲಿ ಹೊರಡುತ್ತೇನೆ.

ನಿನ್ನ ಮೊಮ್ಮಗಳು,
ಉಯರಾಕ್